ಐದು ಸಾಲು, ಒಂದು ಸಂದು

ನೆಲದ ತಂಪು ಅಂಗಾಲಿಗೆ ಏರುತ್ತಿದೆ, ಹೊರಗೆ ಬಳ್ಳಾರಿಯ ಬಿಸಿಲು ಗೋಡೆ ಕಾಯಿಸುತ್ತಿದ್ದರೂ ಈ ಕಂಪ್ಯೂಟರ್ ಕೋಣೆ ಮಾತ್ರ ದೇವರಮನೆಯ ಹಾಗೆ, ಎಲ್ಲರ ಚಪ್ಪಲಿಯೂ ಹೊರಗೆ, ಆದರೂ ಗಣಿತದ ಟೀಚರ್ ವೀರಭದ್ರಮ್ಮನ ಬೆವರು ನಿಲ್ಲದು, ಶಾಲೆ ತಪಾಸಣೆಗೆ ಬಂದ ಸಾಹೇಬರು ಗುಂಡಿ ಒತ್ತುತ್ತಿದ್ದಾರೆ, ಏಳು, ಎಂಟು — ಬಂತು, ಪರದೆಯ ಮೇಲೆ ಹಸಿರು ಸಸಿಗಳು ಒಂದೊಂದಾಗಿ ಮೂಡುತ್ತಿವೆ, ಸಾಲಿಗೆ ಎಂಟು, ಐದು ಸಾಲಾದ ಮೇಲೆ ಒಂದು ಸಂದು, ಆಮೇಲೆ ಎರಡು ಸಾಲು, ಐವತ್ತಾರು. ಮಗ್ಗಿ ಬಾರದ ಮಗುವೂ ಕಣ್ಣಿನಲ್ಲೇ ಲೆಕ್ಕ ಹಿಡಿಯಬೇಕು, ಅದಕ್ಕಾಗಿ ಆರು ತಿಂಗಳು ಕುರುಗೋಡಿನ ತವರಿಗೂ ಹೋಗದೆ ಬರೆದ ಪ್ರೋಗ್ರಾಂ. ಸಾಹೇಬರು ತಿರುಗಿದರು, ಭಾಳ ಚಲೋ ಐತ್ರಿ, ಸಂದು ಬಿಟ್ಟಿದ್ದು ಯಾರ ವಿಚಾರ? ನಂದೇ ಸರ್. ಎಷ್ಟು ಸಲೀಸಾಗಿ ಬಂತು ನಾಲಿಗೆಗೆ, ನಂದೇ ಅಲ್ಲವೇ ಮತ್ತೆ, ಬರೆದವಳು ಯಾರು, ಆ ಹುಡುಗಿ ಬರೆದಳೇ? ದೇಶನೂರಿನ ಹೊನ್ನೂರಮ್ಮ, ಹಾಸ್ಟೆಲ್ಲಿನವಳು, ಆರನೇ ಕ್ಲಾಸು, ಏಳೆಂಟ್ಲಿ ಎಷ್ಟಲೇ ಎಂದರೆ ಪಿಳಿಪಿಳಿ ಕಣ್ಣು ಬಿಟ್ಟಿದ್ದಳು, ಕಟ್ಟಿಗೆಯ ಸ್ಕೇಲಿನ ಅಂಚಿನಿಂದ ಬೆರಳ ಗಂಟಿಗೆ ಏಳು ಏಟು, ಎಂಟನೆಯದು ಬೀಳುವ ಮುಂಚೆ ಅಳುತ್ತಲೇ ಅಂದಳು, ಟೀಚರ್ರೀ, ನಮ್ಮವ್ವ ನೆಲ್ಲಿನ ಸಸಿ ಹಚ್ಚೋವಾಗ ಐದು ಸಾಲಿಗೊಂದು ಸಂದು ಬಿಡ್ತಾಳ್ರಿ, ಹಂಗ ನೋಡಿದ್ರ ನನಗ ಗೊತ್ತಾಗ್ತೈತ್ರಿ, ಐವತ್ತಾರ್ರೀ. ಸ್ಕೇಲು ಗಾಳಿಯಲ್ಲೇ ನಿಂತಿತ್ತು. ಅವತ್ತು ಸಂಜೆಯೇ ಅದನ್ನು ಪ್ರೋಗ್ರಾಮಿಗೆ ಸೇರಿಸಿದ್ದು, ಸಾಹೇಬರು ಬಂದ ದಿನ ಮೊದಲ ಗುಂಡಿ ನೀನೇ ಒತ್ತುವಿಯಂತೆ ಎಂದು ಮಾತು ಕೊಟ್ಟದ್ದೂ ಹೌದು, ಮಕ್ಕಳಿಗೆ ಏನೇನೋ ಹೇಳುತ್ತೇವೆ.

ಇವತ್ತು ಬೆಳಿಗ್ಗೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು, ರಜೆಯಲ್ಲಿ ನಾಟಿಗೆ ಹೋಗಿ ಬಂದ ಕಾಲು, ಬೆರಳುಗಳ ನಡುವೆ ಕೆಸರು ತಿಂದ ಹುಣ್ಣು, ಎಷ್ಟು ತೊಳೆದರೂ ಕಪ್ಪಾಗಿಯೇ ಉಳಿದ ಉಗುರು, ಆ ಕಾಲಿಟ್ಟು ಒಳಗೆ ಬಂದರೆ ಸಾಹೇಬರು ಏನೆಂದಾರು — ಧೂಳಾದ್ರ ಮಿಷಿನ್ ಕೆಡತೈತಿ, ನೀ ಹೊರಗ ಚಪ್ಪಲಿ ನೋಡ್ಕೊ. ಹೂಂನ್ರಿ ಟೀಚರ್, ಆಮ್ಯಾಲೆ ಕರೀತೀರೇನ್ರಿ? ಕರೀತೀನಿ ಹೋಗಲೇ. ಚಪ್ಪಲಿಯೇ ಇಲ್ಲದವಳನ್ನು ಚಪ್ಪಲಿ ಕಾಯಲು ಕೂರಿಸಿದೆ ಎಂದು ಆಗ ಹೊಳೆಯಲಿಲ್ಲ, ಹೊಳೆದಿದ್ದರೆ ಬಿಡುತ್ತಿದ್ದೆನೇ, ಇಲ್ಲ.

ಚಪ್ಪಾಳೆ, ಕುರ್ಚಿ ಸರಿಯುವ ಸದ್ದು, ಸಾಹೇಬರು ಬಾಗಿಲು ದಾಟಿ ಗಕ್ಕನೆ ನಿಂತರು, ಅರೆ ಟೀಚರ್, ನಿಮ್ಮ ಪ್ರೋಗ್ರಾಂ ಇಲ್ಲೂ ಐತಲ್ರಿ! ಜಗುಲಿಯ ಉದ್ದಕ್ಕೂ ಚಪ್ಪಲಿ, ಸಾಲಿಗೆ ಎಂಟು, ಐದು ಸಾಲು, ಸಂದು, ಎರಡು ಸಾಲು. ಯಾರು ಜೋಡಿಸಿದ್ದು? ಕಂಬದ ಹತ್ತಿರ ಹುಡುಗಿ ಬಾಯಿ ತೆರೆಯುತ್ತಿದ್ದಳು, ವೀರಭದ್ರಮ್ಮನ ಮಾತು ಅವಳಿಗಿಂತ ಮುಂದೆ ಓಡಿತು, ನಾನೇ ಹೇಳಿ ಇಡಿಸೀನಿ ಸರ್. ಹುಡುಗಿ ಬಾಯಿ ಮುಚ್ಚಿದಳು. ಬಾಯಿ ಮುಚ್ಚುವುದನ್ನು ಆ ಸ್ಕೇಲೇ ಕಲಿಸಿತ್ತು, ಪಾಠ ಚೆನ್ನಾಗಿಯೇ ತಲೆಗೆ ಹತ್ತಿದೆ.

ಜೀಪು ಹೋಯಿತು, ಎಲ್ಲರೂ ಹೋದರು, ಈಗ ಒಂದ್ಸಲ ಒತ್ಲೇನ್ರಿ ಟೀಚರ್? ಕರೆಂಟ್ ಹೋಗೇತಲೇ. ಒಳಗೆ ಫ್ಯಾನು ತಿರುಗುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಹೂಂನ್ರಿ, ಎಂದಳು ಹುಡುಗಿ, ಗಂಟು ಬಿದ್ದ ಬೆರಳುಗಳಿಂದ ಟೀಚರಮ್ಮನ ಚಪ್ಪಲಿ ಎತ್ತಿ ತಂದು ಅವಳ ಕಾಲ ಮುಂದೆ ಇಟ್ಟು, ಅದರ ಮುಖ ತಿರುಗಿಸಿ ಸರಿಮಾಡಿ ಹೋದಳು, ಇನ್ನು ಮೆಟ್ಟಿಕೊಂಡು ಮನೆಗೆ ಹೋಗಬೇಕು, ಖಾಲಿ ಜಗುಲಿಯ ಮೇಲೆ ಏನೂ ಇಲ್ಲ, ಏನೂ ಇಲ್ಲದಿದ್ದರೂ ಕಾಣುತ್ತಿದೆ, ಐದು ಸಾಲು, ಸಂದು, ಎರಡು ಸಾಲು — ಆ ಸಂದಿನಲ್ಲಿ ಎರಡು ಬರಿಗಾಲು.