ಬಾತುಕೋಳಿಯ ಮುಖ

ಕಳೆದ ವರ್ಷ ತುಳು ಸಂಘದ ಕ್ಯಾಲೆಂಡರಿನ ಜನವರಿ ಪುಟದಲ್ಲಿ ಕೊಗ್ಗ ತೆಗೆದ ಬಾತುಕೋಳಿಗಳ ಫೋಟೊ ಬಂದಿತ್ತು. ಒಂಬತ್ತು ಹಕ್ಕಿ, ಒಂಬತ್ತೂ ಬೆನ್ನು ಹಾಕಿದ್ದವು. ಮಸ್ಕತ್ತಿನ ತುಳುವರ ಮನೆಗೋಡೆಗಳಲ್ಲಿ ತಿಂಗಳಿಡೀ ಬಾತುಕೋಳಿಯ ಹಿಂಬದಿ ನೇತಾಡಿತು. ಈ ಸಲ ಕಾರ್ಯದರ್ಶಿ ಸೌಮ್ಯಶ್ರೀ ಮೊದಲೇ ಹೇಳಿಬಿಟ್ಟಿದ್ದಳು: "ಕೊಗ್ಗಣ್ಣ, ಮುಖ ಬೇಕು. ಶುಕ್ರವಾರ ಸಂಜೆ ಪ್ರೆಸ್ಸಿಗೆ ಹೋಗ್ತದೆ. ಮುಖ ಇಲ್ಲದಿದ್ರೆ ಬೇರೆಯವರದ್ದು ಹಾಕ್ತೇವೆ, ಮತ್ತೆ ಬೇಜಾರು ಮಾಡ್ಬಾರದು."

ತಪ್ಪಿದ್ದೆಲ್ಲಿ ಎಂದು ಕೊಗ್ಗ ಪತ್ತೆ ಮಾಡಿದ್ದ. ಬಾತುಕೋಳಿ ಗಾಳಿಗೆ ಎದುರಾಗಿಯೇ ನೀರಿಗಿಳಿಯುತ್ತದೆ. ಹೋದ ಸಲ ಅವನೂ ಗಾಳಿಗೆ ಎದುರಾಗಿ ಕೂತಿದ್ದ. ಗಾಳಿ ಬೆನ್ನಿಗಿದ್ದರೆ ಮುಖ ತಾನಾಗಿ ಬರುತ್ತದೆ. ಬೇಟೆಗಾರರ ತಂತ್ರವೇ, ಕೋವಿಯ ಬದಲು ಕ್ಯಾಮೆರಾ. ಅದೂ ಕಣ್ಣು ಕಂಡಲ್ಲಿ ತಾನೇ ಫೋಕಸ್ ಹಿಡಿಯುವ ಹೊಸ ಕ್ಯಾಮೆರಾ.

ರೂವಿ ಪೇಟೆಯ ತನ್ನ ಬೋರ್ಡ್ ಬರೆಯುವ ಅಂಗಡಿಯಲ್ಲಿ ಅವನು ನಿಜವಾದವನ್ನು ಸೆಳೆಯಲು ಥರ್ಮಾಕೋಲ್ ಕೆತ್ತಿ ಹುಸಿ ಬಾತುಕೋಳಿಗಳನ್ನು ಮಾಡಿ, ಬಿಸಿಲಿಗೆ ಹೊಳೆಯದ ಬಣ್ಣ ಬಳಿದ. ಕಣ್ಣು ಬರೆದವಳು ಹೆಂಡತಿ ಕುಸುಮ. ಬಾಲ್ಕನಿಯ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಖರ್ಜೂರದ ಗರಿ ಕಟ್ಟಿದರೆ ಅಡಗಿ ಕೂರುವ ಮರೆಯೂ ಸಿದ್ಧ.

ಶುಕ್ರವಾರ ಬೆಳಗ್ಗೆ ಕಡಲಂಚಿನ ಹಿನ್ನೀರಿನಲ್ಲಿ ಗಾಳಿ ನೆಲದ ಕಡೆಯಿಂದ ಬೀಸುತ್ತಿತ್ತು. ಕೊಗ್ಗ ಗೊಂಬೆಗಳನ್ನು ಎಡಕ್ಕೊಂದು ಬಲಕ್ಕೊಂದು ಗುಂಪು ಮಾಡಿ ತೇಲಿಬಿಟ್ಟ. ನಡುವೆ ನಿಜವಾದವು ಇಳಿಯಲು ಖಾಲಿ ನೀರು. ಆಮೇಲೆ ಗರಿ ಬಿಗಿಯಲು ದಡಕ್ಕೆ ಬಂದ. ಕುಸುಮ ನೀರಲ್ಲೇ ಉಳಿದಳು.

ಇಬ್ಬರೂ ಮರೆಯೊಳಗೆ ಕೂತ ಸ್ವಲ್ಪ ಹೊತ್ತಿಗೆ ಸಲಿಕೆಯಂಥ ಕೊಕ್ಕಿನ ಬಾತುಕೋಳಿಗಳ ಹಿಂಡೊಂದು ಬಂತು. ಎರಡು ಸುತ್ತು ಹಾಕಿತು. ಇಳಿಯದೆ ಹೋಯಿತು.

ಕೊಗ್ಗ ಗರಿ ಸರಿಸಿ ನೋಡಿದ. ಗೊಂಬೆಗಳು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಕೂತಿದ್ದವು.

"ನಡುವಿನ ಜಾಗ ಎಲ್ಲಿ ಹೋಯ್ತು?"

"ಖಾಲಿ ಇತ್ತಲ್ಲ, ಸರಿ ಮಾಡಿದೆ. ಪಂಕ್ತಿಯಲ್ಲಿ ನಡುವೆ ಎಲೆ ಖಾಲಿ ಬಿಡುದುಂಟಾ?"

"ಅದು ಬರುವವರಿಗೆ ಬಿಟ್ಟದ್ದು ಮಾರಾಯ್ತಿ!"

"ತಡವಾಗಿ ಬಂದವರು ಎರಡನೇ ಪಂಕ್ತಿಗೆ ಕೂತ್ಕೊಳ್ಲಿ."

ಕೊಗ್ಗ ಪ್ಯಾಂಟು ಮಡಚಿ ನೀರಿಗಿಳಿದು ಎಲ್ಲವನ್ನೂ ಮತ್ತೆ ಜೋಡಿಸಿದ. ಹಿಂದಿರುಗುವಾಗ ಅವನ ಟೋಪಿ ಹಾರಿ ದಡಕ್ಕೆ ಬಿತ್ತು. ಬಿಸಿಲೇರಿದ್ದರಿಂದ ಗಾಳಿ ತಿರುಗಿತ್ತು. ಈಗ ಕಡಲಿನಿಂದ ಬೀಸುತ್ತಿತ್ತು. ಇಲ್ಲೇ ಕೂತರೆ ಮತ್ತೆ ಹಿಂಬದಿಯೇ.

"ಖಲಾಸ್. ಮನೆಗೆ ಹೋಗುವ," ಎಂದ.

"ಎಂತ ಖಲಾಸ್? ಬಟ್ಟೆ ಸ್ಟ್ಯಾಂಡ್ ಅಲ್ವಾ ಇದು? ಆ ಕಡೆ ಹಿಡೀರಿ. ಯಲ್ಲಾ, ನಡೀರಿ!"

ಹೀಗೆ ಖರ್ಜೂರದ ಪೊದೆಯೊಂದು ನಾಲ್ಕು ಕಾಲಿನಲ್ಲಿ ಹಿನ್ನೀರಿಗೆ ಅರ್ಧ ಸುತ್ತು ಬಂದು ಎದುರಿನ, ಕಡಲ ಬದಿಯ ಮರಳದಿಣ್ಣೆಯ ಮೇಲೆ ಕೂತಿತು. ಈಗ ಗಾಳಿ ಬೆನ್ನಿಗೆ.

ಹಿಂಡು ಮತ್ತೆ ಬಂತು. ನೇರ ಅವರ ಕಡೆಗೇ ಮುಖ ಮಾಡಿ, ಕಾಲು ಚಾಚಿ, ಬಿಟ್ಟ ಜಾಗಕ್ಕೇ ಇಳಿಯಿತು. ಕೊಗ್ಗ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ.

ಕಾರಿನಲ್ಲಿ ಕೂತು ಫೋಟೊಗಳನ್ನು ಫೋನಿಗೆ ಹಾಕಿ ದೊಡ್ಡದು ಮಾಡಿ ನೋಡಿದಾಗ ಅವನ ಮುಖ ಇಳಿಯಿತು. ಒಂದರಲ್ಲೂ ತಪ್ಪದೆ, ಕ್ಯಾಮೆರಾ ಮುಂದಿನ ಥರ್ಮಾಕೋಲ್ ಗೊಂಬೆಯ ಕಣ್ಣಿಗೇ ಫೋಕಸ್ ಹಿಡಿದಿತ್ತು. ನಿಜವಾದವು ಅದರ ಹಿಂದೆ ಮಬ್ಬು ಮಬ್ಬು.

"ಚಂದ ಉಂಟಲ್ಲ," ಎಂದಳು ಕುಸುಮ. "ಅವಳು ಕೇಳಿದ್ದು ಮುಖ. ಇದು ಮುಖ ಅಲ್ವಾ?" ಅವನು ತಡೆಯುವಷ್ಟರಲ್ಲಿ ಫೋಟೊ ಸೌಮ್ಯಶ್ರೀಗೆ ಹೋಗಿಯಾಗಿತ್ತು.

ಅವಳ ವಾಯ್ಸ್ ಮೆಸೇಜ್ ಕೂಡಲೇ ಬಂತು: "ಅಬ್ಬಾ ಕೊಗ್ಗಣ್ಣ, ಎಂಥಾ ಕಣ್ಣು! ಜೀವಕಳೆ ಅಂದ್ರೆ ಇದು! ಜನವರಿ ಪುಟ ನಿಮ್ಮದೇ. ಹಿಂದೆ ಎಂತದೋ ಮಸಿಮಸಿ ಉಂಟಲ್ಲ, ಅದನ್ನು ಮಾತ್ರ ಕಟ್ ಮಾಡ್ತೇವೆ, ಆಗಬಹುದಾ?"

ಕೊಗ್ಗ ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳಿದ.

"ಆಗಬಹುದು ಹೇಳಿ," ಎಂದಳು ಕುಸುಮ. "ಮತ್ತೆ ಕೆಳಗೆ ಹೆಸರು ಹಾಕುವಾಗ ನನ್ನದೂ ಹಾಕ್ಲಿಕ್ಕೆ ಹೇಳಿ. ಕಣ್ಣು ನಂದು."