ಭೀಮಕ್ಕನ ದನಿ ಬದಲಿಸಿದವಳು

ಸರ್ವಮಂಗಳಾ ಭೀಮಕ್ಕನನ್ನು ಮೊದಲು ಕಂಡದ್ದು ಜಗಳದಲ್ಲಿ. ಎಪ್ಪತ್ತೈದನೇ ಇಸವಿಯ ಬೇಸಿಗೆ. ನಿರ್ಮಾಪಕಿಯಾಗಿ ಸರ್ವಮಂಗಳಾಳ ಮೊದಲ ಸಿನಿಮಾ 'ಕಂಬಳಿ ನೆರಳು' ಕಳ್ಳಂಬೆಳ್ಳದ ಕೆರೆಯಾಚೆಯ ಒಂದು ಗೊಲ್ಲರಹಟ್ಟಿಯಲ್ಲಿ ಶುರುವಾಗಿ ಮೂರು ದಿನವಾಗಿತ್ತು. ಮದ್ರಾಸಿನಿಂದ ಬಂದ ಡ್ರೈವರು ಸಾಮಾನಿನ ವ್ಯಾನನ್ನು ಕುರಿಗಳು ನೀರಿಗಿಳಿಯುವ ದಾರಿಗೇ ಅಡ್ಡ ನಿಲ್ಲಿಸಿಬಿಟ್ಟಿದ್ದ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ತನ್ನ ಮಂದೆಯನ್ನು ಹಿಂದೆ ತಡೆದು ನಿಲ್ಲಿಸಿ ಅವನ ಗ್ರಹಚಾರ ಬಿಡಿಸುತ್ತಿದ್ದಳು.

"ಲೇ, ನಿನ್ನ ಗಾಡಿ ನೀರು ಕುಡಿತದೇನ್ಲಾ? ಕುಡಿಯಂಗಿದ್ರೆ ಯೇಳು, ಅದೇ ಮೊದ್ಲು ಕುಡೀಲಿ, ನಮ್ಮ ಕುರಿ ಕಾಯ್ತವೆ. ಇಲ್ಲಾಂದ್ರೆ ತೆಗಿ ಅತ್ಲಾಗೆ!"

ಡ್ರೈವರನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅವನು ತೆಪ್ಪಗೆ ವ್ಯಾನು ಹಿಂದಕ್ಕೆ ತೆಗೆದ. ಸರ್ವಮಂಗಳಾ ಜೀಪಿನಿಂದಿಳಿದು ನಗು ತಡೆಯಲಾರದೆ ನಿಂತಳು. ಪಕ್ಕದಲ್ಲಿದ್ದ ನಿರ್ದೇಶಕ ಪರ್ವತಯ್ಯನ ಮುಖ ನೋಡಿದಳು. ಕೊರಟಗೆರೆಯ ಕಡೆಯ ಆ ಮನುಷ್ಯ ಎಂಟು ವರ್ಷ ಮದ್ರಾಸಿನ ಸ್ಟುಡಿಯೋಗಳಲ್ಲಿ ಅವಳ ಜೊತೆಗೇ ದುಡಿದವನು. ಇಬ್ಬರಿಗೂ ಒಂದೇ ಯೋಚನೆ ಹೊಳೆದಿತ್ತು. ತಾಯಿಯ ಪಾತ್ರಕ್ಕೆ ಬೆಂಗಳೂರಿನಿಂದ ಬರಬೇಕಿದ್ದ ನಟಿ ಬಿಸಿಲಿಗೆ ಹೆದರಿ ಕೈಕೊಟ್ಟು ಎರಡು ದಿನವಾಗಿತ್ತು.

ಭೀಮಕ್ಕನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಅವಳ ಮಗಳು ಕ್ಯಾತಮ್ಮ ಕುರಿ ನೋಡಿಕೊಳ್ಳುತ್ತೇನೆ ಅಂದ ಮೇಲೆ, ಹಟ್ಟಿಯ ಹಿರಿಯರು ಆಗಲಿ ಅಂದ ಮೇಲೆ, "ಬಣ್ಣ ಗಿಣ್ಣ ಬಳಿಯಂಗಿಲ್ಲ ಕಣಮ್ಮ" ಎಂಬ ಕರಾರಿನ ಮೇಲೆ ಬಂದಳು. ಬಂದವಳು ಕ್ಯಾಮೆರಾದ ಮುಂದೆ ಕ್ಯಾಮೆರಾ ಇಲ್ಲವೇ ಇಲ್ಲವೆಂಬಂತೆ ಓಡಾಡಿದಳು.

ಕತೆಯಲ್ಲಿ ಒಂದು ಘಟ್ಟವಿತ್ತು. ತಾಯಿ ತನ್ನ ಮಗನನ್ನು ಹಿಡಿದುಕೊಂಡು ಹೋದ ಇನ್‌ಸ್ಪೆಕ್ಟರನ ಮುಂದೆ ನಿಂತು ಮಾತಾಡಬೇಕು. ಪರ್ವತಯ್ಯ ನಾಲ್ಕು ಸಾಲಿನ ಸಂಭಾಷಣೆ ಬರೆದಿದ್ದ. ಭೀಮಕ್ಕ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದಳು. ಆದರೆ ಖಾಕಿ ತೊಟ್ಟ ನಟ ಎದುರಿಗೆ ಬಂದು ನಿಂತಾಗ ಅವಳ ಬಾಯಿಂದ ಬಂದದ್ದು ಆ ನಾಲ್ಕು ಸಾಲಲ್ಲ. ಅವಳು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಹೋದಳು. ದನಿ ಏರಲಿಲ್ಲ, ಗಂಟಲು ಮಾತ್ರ ಒಣಗುತ್ತಾ ಬಂತು. ಖಾಕಿ ತೊಟ್ಟವನು ತನ್ನ ಮಾತು ಮರೆತು ತಲೆ ತಗ್ಗಿಸಿದ. ಪರ್ವತಯ್ಯ ಕಟ್ ಹೇಳುವುದನ್ನೇ ಮರೆತ. ರೀಲು ಮುಗಿದು ಕ್ಯಾಮೆರಾ ತಾನಾಗಿ ನಿಂತಾಗ, ದನಿ ಹಿಡಿಯುವ ಟೇಪು ಸುತ್ತುತ್ತಿದ್ದ ಹುಡುಗಿಯೊಬ್ಬಳು ಬಿಕ್ಕುವುದು ಕೇಳಿಸಿತು.

"ಹೆಂಗಿತ್ತವ್ವ?" ಎಂದು ಭೀಮಕ್ಕ ಕೇಳಿದಳು.

ಸರ್ವಮಂಗಳಾ ಅವಳ ಕೈ ಹಿಡಿದುಕೊಂಡಳು. 

ಭೀಮಕ್ಕನ ಆ ಮಾತನ್ನು ಮದ್ರಾಸಿನಲ್ಲಿ ತೆಗೆಸಿಹಾಕಿದವಳು ಇದೇ ಸರ್ವಮಂಗಳಾ.

ಹಂಚಿಕೆದಾರನೊಬ್ಬ ಸಿನಿಮಾ ನೋಡಿ, "ಎಲ್ಲಾ ಸರಿಯಮ್ಮ, ಆದರೆ ಆ ಮುದುಕಿ ಮಾತಾಡೋದು ಕನ್ನಡವೋ ಏನೋ! ಮೈಸೂರಲ್ಲಿ, ಧಾರವಾಡದಲ್ಲಿ ಯಾರಿಗೆ ಅರ್ಥವಾಗುತ್ತೆ? ಒಳ್ಳೆಯ ಕಲಾವಿದೆ ಹತ್ತಿರ ಡಬ್ ಮಾಡಿಸಿ, ಬಿಡುಗಡೆ ನಾನು ನೋಡಿಕೊಳ್ತೀನಿ" ಅಂದ. ಪರ್ವತಯ್ಯ ಕುರ್ಚಿಯಿಂದೆದ್ದು, "ಬೇಡಿ ಮಂಗಳಮ್ಮನೋರೆ. ಬೇರೆ ಹಂಚಿಕೆದಾರ್ರನ್ನ ಹುಡುಕೋಣ, ಆರು ತಿಂಗಳು ತಡವಾಗ್ಲಿ" ಎಂದ. ಸರ್ವಮಂಗಳಾ ಒಂದು ದಿನ ಯೋಚಿಸಿ, "ಡಬ್ ಮಾಡಿಸೋಣ" ಅಂದಳು.

ಅದಕ್ಕೆ ಅವಳ ಒಳಗೇ ಒಂದು ಕಾರಣವಿತ್ತು. ಅವಳೂ ಅದೇ ಸೀಮೆಯವಳು, ಕೊಡಿಗೇನಹಳ್ಳಿಯ ದೊಡ್ಡರಂಗಪ್ಪನವರ ಮಗಳು. ಮಧುಗಿರಿಯಲ್ಲಿ ಓದು ಮುಗಿಸಿ ಅಕ್ಕ-ಭಾವನ ಜೊತೆ ಮದ್ರಾಸಿಗೆ ಹೋದ ಹೊಸತರಲ್ಲಿ, ಸ್ಟುಡಿಯೋ ಆಫೀಸಿನಲ್ಲಿ ಒಮ್ಮೆ "ಬುಡಿ ಸಾರ್, ನಾನ್ ನೋಡ್ಕಂತೀನಿ" ಅಂದುಬಿಟ್ಟಿದ್ದಳು. ಇಡೀ ಕೋಣೆ ನಕ್ಕಿತ್ತು. ಆಮೇಲೆ ತಿಂಗಳುಗಟ್ಟಲೆ ಅವಳನ್ನು ಕಂಡಾಗಲೆಲ್ಲ ಯಾರಾದರೊಬ್ಬರು "ಬುಡಿ ಸಾರ್" ಅನ್ನುತ್ತಿದ್ದರು. ಅವಳು ರೇಡಿಯೋ ವಾರ್ತೆ ಕೇಳಿ ಕೇಳಿ ನಾಲಿಗೆ ತಿದ್ದಿಕೊಂಡಿದ್ದಳು. ಭೀಮಕ್ಕನ ಮಾತಿಗೂ ಜನ ಹಾಗೆಯೇ ನಕ್ಕಾರು, ತಾನು ಅವಳ ಮಾನ ಕಾಯುತ್ತಿದ್ದೇನೆ ಎಂದು ಆವತ್ತು ಅವಳು ನಿಜವಾಗಿಯೂ ನಂಬಿದ್ದಳು.

ಭೀಮಕ್ಕನಿಗೆ ಮಾತ್ರ ಹೇಳಿ ಕಳಿಸಲಿಲ್ಲ.

ಮರುವರ್ಷ ಸಿರಾದ ಟಾಕೀಸಿಗೆ ಸಿನಿಮಾ ಬಂತು. ಹಟ್ಟಿಗೆ ಹಟ್ಟಿಯೇ ಲಾರಿ ಹತ್ತಿ ಮಧ್ಯಾಹ್ನದ ಆಟಕ್ಕೆ ಬಂದಿಳಿಯಿತು. ಭೀಮಕ್ಕ ಹೊಸ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಟಾಕೀಸಿನ ಮ್ಯಾನೇಜರ್ ಸಾಬರು ಬಾಗಿಲಿಗೇ ಬಂದು, "ಆವೋ ಭೀಮಕ್ಕ, ಈವತ್ತು ನೀವೇ ಹೀರೋಯಿನ್ನು!" ಎಂದು, ಮದ್ರಾಸಿನಿಂದ ಬಂದಿದ್ದ ಸರ್ವಮಂಗಳಾಳ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು.

ಪರದೆಯ ಮೇಲೆ ಭೀಮಕ್ಕ ಕಂಡಾಗ ಹಟ್ಟಿಯವರು ಶಿಳ್ಳೆ ಹೊಡೆದರು. ಅವಳು ಬಾಯಿ ತೆರೆದಳು. ನುಣುಪಾದ, ಜೇನಿನಂಥ, ಎಳೆಯ ದನಿಯೊಂದು "ಸ್ವಾಮೀ, ನನ್ನ ಕಂದನನ್ನು ಬಿಟ್ಟುಬಿಡಿ" ಎಂದು ಬಿಕ್ಕಿತು.

 ಹಿಂದಿನ ಸಾಲಿನಲ್ಲಿ ಯಾರೋ, "ಯಾರ್ಲಾ ಅದು ಮಾತಾಡ್ತಿರಾದು?" ಅಂದರು. ನಗು ಎದ್ದಿತು. ಕೆಟ್ಟ ನಗುವಲ್ಲ, ಸೋಜಿಗದ ನಗು. ಆದರೆ ನಿಲ್ಲಲಿಲ್ಲ. ಪರದೆಯ ಮೇಲೆ ಆ ಒಣಗಿದ ತುಟಿ ಅಲುಗಿದಾಗಲೆಲ್ಲ ನಕ್ಕರು. ಭೀಮಕ್ಕ ಮೆಲ್ಲಗೆ ಕೈಯೆತ್ತಿ ತನ್ನ ಗಂಟಲು ಮುಟ್ಟಿಕೊಂಡದ್ದನ್ನು ಸರ್ವಮಂಗಳಾ ಕಂಡಳು. ಆಟ ಮುಗಿಯುವವರೆಗೂ ಆ ಕೈ ಅಲ್ಲೇ ಇತ್ತು.

ಹೊರಗೆ ಬಿಸಿಲಿಗೆ ಬಂದಾಗ ಭೀಮಕ್ಕ ಕೇಳಿದಳು, "ಬಾಯಿ ನಂದು, ಮಾತು ಯಾರ್ದವ್ವ?"

ನಿಜ ಹೇಳಬೇಕಾಗಿದ್ದ ಗಳಿಗೆ ಅದು. ಸರ್ವಮಂಗಳಾ, "ಟೇಪು ಕೆಟ್ಟುಹೋಯ್ತು ಭೀಮಕ್ಕ. ಬೇರೆ ದಾರಿ ಇರಲಿಲ್ಲ" ಅಂದಳು.

ಭೀಮಕ್ಕ ನಂಬಿದಳು. ನಂಬಿ, ಬೇಸರದಿಂದಲೇ, "ಒಂದ್ಮಾತು ಯೇಳಿ ಕಳ್ಸಿದ್ರೆ ನಾನೇ ಬಂದ್ಬುಡ್ತಿದ್ನಲ್ಲವ್ವ. ಮದ್ರಾಸ್‌ಗೂ ಬಸ್ಸಿರ್ತದಲ್ಲ" ಅಂದಳು.

ಸಿನಿಮಾ ಓಡಿತು. ಯಾವುದೋ ಸಂಘದವರು ಸನ್ಮಾನ ಮಾಡಿದರು. ಸರ್ವಮಂಗಳಾ ಆಮೇಲೆ ಮೂರು ಸಿನಿಮಾ ತೆಗೆದಳು. ಎರಡು ಮುಳುಗಿದವು, ಒಂದು ದಡ ಸೇರಿತು. ಹೆಣ್ಣು ನಿರ್ಮಾಪಕಿಯೆಂದು ಮೊದಲು ಮೂಗು ಮುರಿದವರು ಕುರ್ಚಿ ಕೊಟ್ಟು ಕೂರಿಸತೊಡಗಿದರು. ಪರ್ವತಯ್ಯ ಡಬ್ಬಿಂಗ್ ಮುಗಿದ ದಿನವೇ ಬೇರೆಯಾದವನು ಮತ್ತೆ ಅವಳ ಜೊತೆ ಕೆಲಸ ಮಾಡಲಿಲ್ಲ. ಅವಳು ಬೆಂಗಳೂರಿಗೆ ಬಂದು ನೆಲೆಸಿದಳು. ಕಳ್ಳಂಬೆಳ್ಳದ ಮೇಲೆ ಎಷ್ಟೋ ಸಲ ಕಾರಿನಲ್ಲಿ ಹಾದುಹೋದಳು. ಹಟ್ಟಿಯ ಕಡೆ ತಿರುಗುವ ದಾರಿ ಬಂದಾಗ ಡ್ರೈವರಿಗೆ ನಿಲ್ಲಿಸು ಅನ್ನಬೇಕೆನ್ನಿಸುತ್ತಿತ್ತು, ಅನ್ನುವಷ್ಟರಲ್ಲಿ ದಾರಿ ಹಿಂದಾಗಿರುತ್ತಿತ್ತು.

ಎಂಬತ್ತೇಳರಲ್ಲಿ ದೂರದರ್ಶನಕ್ಕೆ ಹದಿಮೂರು ಕಂತಿನ ಧಾರಾವಾಹಿ ಮಾಡುವ ಅವಕಾಶ ಬಂತು. ಸಿರಾ, ಪಾವಗಡದ ಸೀಮೆಯ ಹೆಂಗಸರ ಕತೆಗಳು. ಈ ಸಲ ಅವರವರ ಮಾತು ಅವರವರ ಬಾಯಲ್ಲೇ ಇರಬೇಕೆಂದು ಹಟ ಹಿಡಿದಳು. ಮೊದಲ ಕಂತಿಗೆ ಭೀಮಕ್ಕನ ಆ ಹಳೆಯ ಮಾತನ್ನೇ ಬಳಸಬೇಕೆಂದು ಮದ್ರಾಸಿಗೆ ಹೋಗಿ ಆ ಟೇಪಿಗಾಗಿ ವಿಚಾರಿಸಿದಳು. ಡಬ್ಬಿಂಗ್ ನಡೆದಿದ್ದ ಸ್ಟುಡಿಯೋ ಮುಚ್ಚುವ ಹಂತದಲ್ಲಿತ್ತು. ಉಗ್ರಾಣದ ವಯಸ್ಸಾದ ಗುಮಾಸ್ತ ಪಟ್ಟಿ ತೆಗೆದು ನೋಡಿ, ಅಂಥ ಟೇಪುಗಳನ್ನು ಆರು ತಿಂಗಳಲ್ಲೇ ಅಳಿಸಿ ಇನ್ನೊಂದು ಚಿತ್ರಕ್ಕೆ ಬಳಸುತ್ತಿದ್ದೆವಮ್ಮ ಎಂದು ತಿಳಿಸಿದ. ಅವಳು ಅಲ್ಲಿಂದ ನೇರ ಹಟ್ಟಿಗೆ ಬಂದಳು.

ಭೀಮಕ್ಕ ಜಗಲಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಕಣ್ಣು ಮಂಜಾಗಿತ್ತು. ಆದರೂ ಹೆಜ್ಜೆ ಕೇಳಿಯೇ ಗುರುತು ಹಿಡಿದಳು. "ಬಾರವ್ವ ಬಾ. ಲೇ ಕ್ಯಾತಿ, ಸಿನ್ಮಾದವ್ವ ಬಂದವ್ಳೆ, ಮಜ್ಗೆ ತತ್ತಾ."

ಮಜ್ಜಿಗೆ ಕುಡಿದು, ಲೋಟ ಕೆಳಗಿಡುವ ಮೊದಲೇ ಸರ್ವಮಂಗಳಾ ಹೇಳಿಬಿಟ್ಟಳು. "ಭೀಮಕ್ಕ, ಆವತ್ತು ಟೇಪು ಕೆಟ್ಟಿರಲಿಲ್ಲ. ನಾನೇ ಬದಲಾಯಿಸಿದೆ."

ಭೀಮಕ್ಕನ ಕೈಯ ಕದಿರು ನಿಲ್ಲಲಿಲ್ಲ. "ಗೊತ್ತು ಕಣವ್ವ. ಪರ್ವತಯ್ಯ ಬಂದಿದ್ದ, ಮುಂದಿನ ವರ್ಸನೇ. ಇದೇ ಜಗಲಿ ಮ್ಯಾಲೆ ಕುಂತ್ಕಂಡು ಎಲ್ಲಾ ಯೇಳಿ ಹೋದ. ನೀನೂ ಬತ್ತೀಯ ಅಂತ ನೋಡ್ದೆ. ಒಂದ್ವರ್ಸ ನೋಡ್ದೆ, ಎಲ್ಡು ವರ್ಸ ನೋಡ್ದೆ. ಆಮ್ಯಾಕೆ ಬುಟ್ಬುಟ್ಟೆ."

"ಈಗ ಬಂದಿದ್ದೀನಿ. ಅದೇ ಮಾತು ಇನ್ನೊಂದು ಸಲ ಆಡ್ತೀಯಾ? ಈ ಸಲ ನಿನ್ನ ದನಿಯೇ ಇರುತ್ತೆ, ಆಣೆ ಮಾಡ್ತೀನಿ."

ಕ್ಯಾತಮ್ಮ ಬಾಗಿಲಲ್ಲಿ ನಿಂತು ಅಮ್ಮನ ಮುಖ ನೋಡಿದಳು. ಭೀಮಕ್ಕ ನೂಲನ್ನು ತೊಡೆಯ ಮೇಲಿಟ್ಟಳು.

"ಅದೇನು ನಾನು ಕಟ್ಟಿದ ಮಾತಲ್ಲ ಕಣವ್ವ. ಇವಳು ತೊಟ್ಲಲ್ಲಿದ್ದಾಗ ನನ್ನ ಗಂಡನ್ನ ಇಡ್ಕಂಡೋದ್ರು. ಸರ್ಕಾರದ ಕಾವಲ್‌ನಾಗೆ ಕುರಿ ಮೇಯ್ಸಿದ ಅಂತ. ಅವ್ನು ತಿರ್ಗಿ ಬಂದಿದ್ದು ಬರೀ ನಾಕು ತಿಂಗ್ಳು ಬದ್ಕಾಕೆ. ಅವತ್ತು ಠಾಣೆ ಮುಂದೆ ನಿಂತಿದ್ದೆ, ಬಾಯೇ ಬರ್ಲಿಲ್ಲ. ಎಲ್ಡು ಮಾತು ಕೇಳಾಕಾಗ್ಲಿಲ್ಲ ನಂಗೆ. ಆಮ್ಯಾಕೆ ಕುರಿ ಹಿಂದೆ ನಡೀತಾ ದಿನಾ ಕೇಳ್ತಿದ್ದೆ, ಬಯ್ಲಿಗೆ. ನಿಮ್ಮ ಆ ಖಾಕಿಯೋನು ಎದ್ರಿಗೆ ಬಂದಾಗ ಎಲ್ಲಾ ಬಂದ್ಬುಡ್ತು." ಅವಳು ನೂಲನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು, "ಒಂದ್ಸಲ ಆಡಿದ್ದಾಯ್ತು. ಇನ್ನೊಂದ್ಸಲ ಆಡಿದ್ರೆ ಅದು ನಾಟ್ಕ ಆಯ್ತದೆ. ಬ್ಯಾಡ."

 ಆ ಮಾತಿನ ಹಿಂದೆ ಒಂದು ಸಾವಿದ್ದೀತೆಂದು ಸರ್ವಮಂಗಳಾ ಒಮ್ಮೆಯೂ ಯೋಚಿಸಿರಲಿಲ್ಲ, ವಿಚಾರಿಸಿರಲಿಲ್ಲ. ಕ್ಷಮೆ ಕೇಳಲು ಹೊರಟಳು. ಭೀಮಕ್ಕ ಕೈಯೆತ್ತಿ ತಡೆದಳು. "ನಿನ್ಮ್ಯಾಲೆ ಸಿಟ್ಟಿಲ್ಲ, ಹೋಗು. ಹೊತ್ತಾಯ್ತು, ಬಸ್ಸು ತಪ್ತದೆ." ಅವಳು ಕಾರಿನಲ್ಲಿ ಬಂದಿದ್ದಾಳೆಂದು ಭೀಮಕ್ಕನ ಕಣ್ಣಿಗೆ ಕಂಡಿರಲಿಲ್ಲ. ಸರ್ವಮಂಗಳಾ ಲೋಟ ಕೆಳಗಿಟ್ಟು ಎದ್ದಳು.

ಧಾರಾವಾಹಿ ಭೀಮಕ್ಕನಿಲ್ಲದೆಯೇ ಮುಗಿಯಿತು. ಬರಗೂರಿನ ರಂಗಕ್ಕ, ಪಾವಗಡದ ಹನುಮಕ್ಕ, ಎಲ್ಲರೂ ತಮ್ಮ ತಮ್ಮ ಮಾತಿನಲ್ಲೇ ಆಡಿದರು. ಹನುಮಕ್ಕನ ಅರ್ಧ ಮಾತು ತೆಲುಗಾಗಿತ್ತು, ಅದನ್ನೂ ಹಾಗೇ ಇಟ್ಟಳು. ಯಾರೂ ನಗಲಿಲ್ಲ. ಧಾರವಾಡದಿಂದ, ಮೈಸೂರಿನಿಂದ ಮೆಚ್ಚಿ ಬರೆದ ಕಾಗದಗಳು ಬಂದವು. ಅವುಗಳನ್ನು ಓದುವಾಗ ಹನ್ನೆರಡು ವರ್ಷದ ಹಿಂದಿನ ಹೆದರಿಕೆ ಎಷ್ಟು ಪೊಳ್ಳಾಗಿತ್ತೆಂದು ತಿಳಿದು ಅವಳಿಗೆ ಕಾಗದ ಮುಂದೆ ಓದಲಾಗುತ್ತಿರಲಿಲ್ಲ. ಕಳ್ಳಂಬೆಳ್ಳದ ಪಂಚಾಯ್ತಿಯ ಟೀವಿಯಲ್ಲಿ ಕ್ಯಾತಮ್ಮ ಎಲ್ಲಾ ಕಂತನ್ನೂ ನೋಡಿದಳಂತೆ. ಭೀಮಕ್ಕ ಹೋಗಲಿಲ್ಲವಂತೆ.

ಕೊನೆಯ ಕಂತು ಪ್ರಸಾರವಾದ ಮರುದಿನ ಬೆಳಿಗ್ಗೆ ಸರ್ವಮಂಗಳಾ ಕಾಗದ ಮುಂದಿಟ್ಟುಕೊಂಡು, ಭೀಮಕ್ಕ ಆವತ್ತು ಕೇಳಿದ ಪ್ರಶ್ನೆಗಳನ್ನು ನೆನಪಿನಿಂದಲಾದರೂ ಬರೆದಿಡೋಣವೆಂದು ಕೂತಳು. ಮಧ್ಯಾಹ್ನದ ಹೊತ್ತಿಗೆ ಮೂರು ಸಾಲಾದವು. ಓದಿಕೊಂಡಳು. ಮೊದಲ ಸಾಲು ಭೀಮಕ್ಕನದು, ಅನುಮಾನವಿರಲಿಲ್ಲ. ಎರಡನೆಯದು ಪರ್ವತಯ್ಯ ಬರೆದದ್ದಿರಬಹುದು. ಮೂರನೆಯದನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡರೂ ಅದು ಡಬ್ಬಿಂಗ್ ಕಲಾವಿದೆಯ ಆ ನುಣುಪಾದ ದನಿಯಲ್ಲೇ ಕೇಳಿಸುತ್ತಿತ್ತು.