ಮೂರನೆಯ ಮಂಚದ ಅಮರೇಶಪ್ಪ

ತಮ್ಮ ನಾಡಿ ಹಿಡಿದವರ ನಾಡಿಯನ್ನು ತಾವೂ ಹಿಡಿಯುವುದು ಅಮರೇಶಪ್ಪನವರ ಅಭ್ಯಾಸವಾಗಿತ್ತು. ಬಿಳಿ ಕೋಟಿನ ವಿದ್ಯಾರ್ಥಿಯೊಬ್ಬ ಮಂಚದ ಬಲಕ್ಕೆ ನಿಂತು ಅವರ ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟನೋ ಇಲ್ಲವೋ, ಹೊದಿಕೆಯ ಕೆಳಗಿನಿಂದ ಅವರ ಎಡಗೈ ಹೊರಟು, ಕಿಂಚಿತ್ತೂ ಅವಸರವಿಲ್ಲದೆ, ಆ ಹುಡುಗನ ಮಣಿಕಟ್ಟನ್ನು ಸುತ್ತಿಕೊಳ್ಳುತ್ತಿತ್ತು. ಪರೀಕ್ಷೆಯ ದಿನ ಯಾರ ನಾಡಿ ತಾನೇ ನೆಟ್ಟಗಿದ್ದೀತು? ಅದು ಓಡುವುದನ್ನು ಗಮನಿಸಿ, ಹುಬ್ಬು ಗಂಟಿಕ್ಕಿ, "ಖರೇನ ಎಣಸಾಕತ್ತೀರೋ, ಸುಮ್ಮ ಗಡಿಯಾರ ನೋಡಿದಂಗ ಮಾಡಾಕತ್ತೀರೋ?" ಎಂದು ಕೇಳುವರು. ಕನ್ನಡ ಬಾರದ ಹುಡುಗ ಬೆಪ್ಪಾಗಿ ನಿಂತರೆ ಅದೇ ಪ್ರಶ್ನೆ ದಖನಿಯಲ್ಲಿ ಬರುತ್ತಿತ್ತು: "ಗಿನ್ ರೈಂ ಕಿ ನಾಟಕ್ ಕರ್ ರೈಂ, ಮಿಯಾಂ?"

ಹೈದರಾಬಾದಿನ ಆ ದೊಡ್ಡ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅವರು ದಾಖಲಾದ ರೋಗಿಯಲ್ಲ, ಸಂಬಳದ ನೌಕರರೂ ಅಲ್ಲ, ಪರೀಕ್ಷೆಯ ಕೇಸು; ವಿದ್ಯಾರ್ಥಿಗಳು ರೋಗ ಗುರುತಿಸಿ ತೋರಿಸಲೆಂದು ಕರೆಸುವ ರೋಗಿ. ಎಳವೆಯ ಕೀಲುಜ್ವರವೊಂದು ಅವರ ಹೃದಯದ ಎಡಗಡೆಯ ಕವಾಟವನ್ನು ಕಿರಿದು ಮಾಡಿಟ್ಟಿತ್ತು. ಎಡಮಗ್ಗುಲಿಗೆ ಹೊರಳಿಸಿ ಕಿವಿಗೊಟ್ಟರೆ, ದೂರದ ಸೇತುವೆಯ ಮೇಲೆ ಮಾಲುಗಾಡಿ ಹಾದಂಥ ಗುಡುಗುಡು ಸದ್ದು. ಪುಸ್ತಕದಲ್ಲಿ ವರ್ಣಿಸಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಪರೇಷನ್ ಮಾಡೋಣವೆಂದವರಿಗೆಲ್ಲ, "ನಿಮ್ಮ ಕೈ ಮೊದಲ ನೋಡ್ತೀನ್ರಿ" ಎಂದು ಹೇಳಿ ಮಾತ್ರೆಗಳಲ್ಲೇ ದಿನ ದೂಡಿದ್ದರು. ಪ್ರತಿ ಮಾರ್ಚ್ ತಿಂಗಳು ವಾರ್ಡಿನಿಂದ ಫೋನು ಹೋಗುವುದು. ಮಿಯಾಪುರದಿಂದ ಮೆಟ್ರೋ ಹಿಡಿದು ಅವರು ಬರುವುದು. ಮೂರನೆಯ ಮಂಚದಲ್ಲಿ ಮಲಗಿ, ಹೋಗುವಾಗ ಊಟದ ಪೊಟ್ಟಣದ ಗಂಟು ಬಿಚ್ಚಿ ಮೂಸಿ ನೋಡಿ ಒಯ್ಯುವುದು.

ಮೈಮೇಲೆ ಯಾವಾಗಲೂ ಬೂದುಬಣ್ಣದ ಉದ್ದ ಕೋಟು. ರಾಯಚೂರು ಸೀಮೆಯಿಂದ ಬಂದು ಕೇಂದ್ರ ಸರಕಾರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದಾಗ ತೊಟ್ಟದ್ದು. ಸಾಲಾಗಿ ಬರುವ ಬೋಲ್ಟುಗಳನ್ನು ಅಳತೆಗೋಲಿಗೆ ಒಡ್ಡಿ, ಒಪ್ಪದ್ದನ್ನು ಕೆಂಪು ಡಬ್ಬಿಗೆ ಎಸೆಯುವುದು ಅಲ್ಲಿನ ಕೆಲಸ. ಮನುಷ್ಯರನ್ನೂ ಅವರು ಹಾಗೆಯೇ ನೋಡುತ್ತಿದ್ದರು. ಅವರ ನಡಿಗೆಯಲ್ಲೂ ಒಂದು ಗುಟ್ಟಿತ್ತು. ಮೆಟ್ಟಿಲ ತಿರುವಿನಲ್ಲೆಲ್ಲ ನಿಂತು ಗೋಡೆಯ ಸೂಚನಾಫಲಕವನ್ನು ಬಹು ಶ್ರದ್ಧೆಯಿಂದ ಓದುವರು. ಅವರಿಗೆ ತೆಲುಗು ಅಕ್ಷರ ಬಾರದೆಂದು ಗೊತ್ತಿದ್ದವರಿಗೆ ಮಾತ್ರ ಅದು ಏದುಸಿರಿನ ಮರೆಯೆಂದು ತಿಳಿಯುತ್ತಿತ್ತು.

ಕಾವ್ಯಾಗೆ ತಿಳಿದಿತ್ತು. ಆಕೆ ಅದೇ ವಾರ್ಡಿನಲ್ಲಿ ಎಂ.ಡಿ. ಓದುತ್ತಿದ್ದ ಕಲಬುರಗಿಯ ಹೆಣ್ಣುಮಗಳು. ಪರೀಕ್ಷೆಗೆ ಕೇಸುಗಳನ್ನು ಕರೆಸಿ, ಪರೀಕ್ಷಕರಿಗಾಗಿ ಒಬ್ಬೊಬ್ಬರ ವಿವರವನ್ನೂ ಹಾಳೆಯಲ್ಲಿ ಬರೆದಿಡುವ ಹೊಣೆ ಆಕೆಯದು. ಮೊದಲ ವರ್ಷ ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಅವರ ಎದೆಗಿಟ್ಟಿದ್ದಳು. "ಯಾರು ಕಲಿಸಿದ್ರಿ ಇದನ್ನ?" ಎಂದು ಅನುಮಾನದಿಂದಲೇ ಕೇಳಿದ್ದರು. "ಯಾರೂ ಇಲ್ರಿ ಕಾಕಾ. ನನಗಽ ಥಂಡಿ ಅನಿಸ್ತು." ಅಂದಿನಿಂದ ಅವಳ ನಾಡಿ ಹಿಡಿಯುವುದನ್ನು ಅವರು ಬಿಟ್ಟಿದ್ದರು. ಈಗ ಏಳು ತಿಂಗಳ ಮಗಳು ಅಪೂರ್ವಳಿಗೆ ಎಣ್ಣೆ ಹಚ್ಚುವ ಮುನ್ನ ಅಂಗೈ ಉಜ್ಜಿಕೊಳ್ಳುವಾಗೆಲ್ಲ ಆ ಬೂದು ಕೋಟು ಅವಳ ಕಣ್ಣ ಮುಂದೆ ಸುಳಿಯುತ್ತಿತ್ತು.

ಆದರೆ ಈ ಸಲ ಪರೀಕ್ಷೆಗೆ ಮುನ್ನವೇ ಗುಸುಗುಸು ಎದ್ದಿತ್ತು. ಹೋದ ವರ್ಷ ಮೂರನೆಯ ಮಂಚ ಸಿಕ್ಕವರೆಲ್ಲ ಪಾಸು. ಎಲ್ಲರ ಉತ್ತರವೂ ಒಂದೇ ಅಚ್ಚಿನದು. ಘಟಕದ ಮುಖ್ಯಸ್ಥ ಡಾಕ್ಟರ್ ಪದ್ಮನಾಭ ಕಾವ್ಯಾಳನ್ನು ಕೋಣೆಗೆ ಕರೆದರು.

"ಆ ಮುದುಕ ಹುಡುಗರ ಕೈ ಯಾಕಮ್ಮ ಹಿಡೀತಾನೆ? ಅದರಲ್ಲೇ ಏನೋ ಸಂಜ್ಞೆ ಇದೆ. ಪರದೆ ಹಿಂದೆ ನಿಂತು ನೋಡು. ಹೌದು ಅಂತಾದರೆ ಇದೇ ಕೊನೆ, ಇನ್ನು ಕರೆಸೋದು ಬೇಡ."

ಕಾವ್ಯಾಗೆ ಮೊದಲು ಸಿಟ್ಟು ಬಂತು; ಆಮೇಲೆ, ಹೇಳಲು ನಾಚಿಕೆಯಾಗುವಂತೆ, ತನಗೂ ಸಂಶಯ ಬಂತು. ಆ ಮನುಷ್ಯನಿಗೆ ಊಟದ ಪೊಟ್ಟಣ ಬಿಟ್ಟರೆ ಇಲ್ಲೇನು ಸಿಗುತ್ತದೆ? ವರ್ಷವರ್ಷವೂ ಇಷ್ಟು ದೂರ ಯಾಕೆ ಬರುತ್ತಾರೆ?

ಹೆರಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಬಂದು ಎರಡು ವಾರವಷ್ಟೇ ಆಗಿತ್ತು. "ಆರಾಮ ಅದೀರಿಲ್ರಿ ಕಾಕಾ?" ಎಂದು ಫೋನಿನಲ್ಲಿ ಕೇಳಿದಾಗ ಅವರು, "ಬರ್ತೀನಲ್ಲ, ನೋಡ್ರಿ" ಎಂದಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಮಂಚದ ಸಂಖ್ಯೆಯ ಪಟ್ಟಿಯನ್ನು ಅವರ ಮಣಿಕಟ್ಟಿಗೆ ಕಟ್ಟಿ, ಪರದೆ ಎಳೆದು, ಅವಳು ಹಿಂದೆ ನಿಂತಳು.

ಮೊದಲನೆಯವನು ಬಂದ. ಎಡಗೈ ಹೊರಬಂತು, ಬೆರಳುಗಳು ಹುಡುಗನ ಮಣಿಕಟ್ಟಿನ ಮೇಲೆ ಕೂತವು. ಬೆರಳು ಒತ್ತಿತೇ? ತುಟಿ ಅಲುಗಿತೇ? ಕಾವ್ಯಾ ಕಳ್ಳನನ್ನು ಕಾಯುವವಳಂತೆ ಕಾದಳು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರಿಗೆ ಹುಡುಗ ಒಪ್ಪಿಸಿದ: "ನಾಡಿ ನಿಮಿಷಕ್ಕೆ ಎಪ್ಪತ್ತೆಂಟು, ನಿಯಮಿತ." ಎರಡನೆಯವಳೂ ಎಪ್ಪತ್ತೆಂಟು, ನಿಯಮಿತ ಎಂದಳು. ಮೂರನೆಯವನದೂ ಅದೇ. ಒಬ್ಬೊಬ್ಬರು ಹೇಳಿದಾಗಲೂ ಅಮರೇಶಪ್ಪ ಛಾವಣಿಯನ್ನು ನೋಡುತ್ತಿದ್ದರು, ಕೆಂಪು ಡಬ್ಬಿಗೆ ಎಸೆದವರಂತೆ.

ನಾಲ್ಕನೆಯವಳು ಲಹರಿ. ಹಿಂದಿನ ಸಲ ಫೇಲಾಗಿ, ಜೊತೆಯವರ ಗುಂಪಿನಿಂದ ಹೊರಗೇ ಉಳಿದ ಹುಡುಗಿ. ಮಣಿಕಟ್ಟಿನ ಮೇಲಿಟ್ಟ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೆಲ್ಲನೆ ಹೇಳಿದಳು, "ಸರ್, ನಾಡಿ ಒಂದೇ ಸಮ ಇಲ್ಲ. ಹೇಗ್ಹೇಗೋ ಬರ್ತಿದೆ."

ಪರೀಕ್ಷಕರು ಕೈಯಲ್ಲಿದ್ದ ಹಾಳೆ ನೋಡಿದರು. "ಇನ್ನೊಮ್ಮೆ ನೋಡು."

ಇನ್ನೊಮ್ಮೆ ಹಿಡಿದಳು. "ಇಲ್ಲ ಸರ್. ಹಾಗೇ ಇದೆ."

ಆಗ ಅಮರೇಶಪ್ಪನವರ ಎಡಗೈ ಅವಳ ಮಣಿಕಟ್ಟನ್ನು ಬಿಟ್ಟು ತಾನಾಗಿ ಹೊದಿಕೆಯೊಳಗೆ ಸರಿಯಿತು. ಒಪ್ಪಿದಾಗ ಮಾತ್ರ ಅವರು ಕೈ ಬಿಡುವುದೆಂದು ಅರಿತಿದ್ದ ಕಾವ್ಯಾ ಪರದೆ ಸರಿಸಿ ಪದ್ಮನಾಭರನ್ನು ಕರೆದಳು. ಪದ್ಮನಾಭ ಬಂದು ತಾವೇ ಬೆರಳಿಟ್ಟರು, ಎದೆಗೆ ಕಿವಿಗೊಟ್ಟರು, ಇಸಿಜಿ ಯಂತ್ರ ತರಿಸಿದರು. ಹೃದಯದ ಮೇಲ್ಕೋಣೆ ಲಯಗೆಟ್ಟು ಕಂಪಿಸುತ್ತಿತ್ತು. ಅಂಥ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರಿದರೆ ಮಾತೋ, ಒಂದು ಪಕ್ಕದ ಕೈಕಾಲೋ, ಜೀವವೋ ಹೋಗುತ್ತದೆ.

ಹಾಳೆಯನ್ನು ಕಾವ್ಯಾ ಆಗ ನೋಡಿದಳು. ಎಪ್ಪತ್ತೆಂಟು, ನಿಯಮಿತ. ಅದು ಅವಳದೇ ಅಕ್ಷರ. ಹೋದ ವರ್ಷ ತಾನು ಎಣಿಸಿ ಬರೆದದ್ದನ್ನು ಈ ವರ್ಷ ಹಾಗೇ ನಕಲು ಮಾಡಿಟ್ಟಿದ್ದಳು. ಹೋದ ವರ್ಷ ಬಸಿರಿನ ಸಂಕಟದಲ್ಲಿ ಬಚ್ಚಲಿಗೆ ಓಡುವಾಗ ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟುಹೋದದ್ದೂ ಈಗ ನೆನಪಾಯಿತು. ಕೇಳಿದಾಗ ಮೊದಲನೆಯ ಹುಡುಗನೇ ಬಾಯಿಬಿಟ್ಟ: ಹಿರಿಯ ವಿದ್ಯಾರ್ಥಿಗಳು ಆಗ ತೆಗೆದ ಹಾಳೆಯ ಫೋಟೋ ಅವರ ವಾಟ್ಸಾಪ್ ಗುಂಪಿನಲ್ಲಿತ್ತು, "ಬೂದು ಕೋಟಿನ ತಾತ" ಎಂಬ ಗುರುತಿನ ಸಮೇತ. ಲಹರಿಗೆ ಅದನ್ನು ಯಾರೂ ಕಳಿಸಿರಲಿಲ್ಲ.

"ಕಾಕಾ ಏನೂ ಹೇಳಿಲ್ಲ ಸರ್. ಹೊರಗೆ ಹೋದದ್ದು ನನ್ನ ಹಾಳೆ," ಎಂದಳು ಕಾವ್ಯಾ. ಪದ್ಮನಾಭ ಅವಳನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಮೂರನೆಯ ಮಂಚದ ಪರೀಕ್ಷೆ ರದ್ದಾಯಿತು. ಮೊದಲ ಮೂವರೂ ಬೇರೆ ಕೇಸಿಗೆ ಹೊಸದಾಗಿ ಕೂತರು; ಲಹರಿಯ ಉತ್ತರವನ್ನಷ್ಟೇ ಒಪ್ಪಿಕೊಂಡರು.

ಅಮರೇಶಪ್ಪನವರನ್ನು ತಳ್ಳುಮಂಚದಲ್ಲಿ ಒಳವಾರ್ಡಿಗೆ ಒಯ್ಯುವಾಗ ಅವಳು ಜೊತೆಗೆ ನಡೆದಳು. "ಯಾವಾಗಿಂದ ಹಿಂಗ ಆಗೈತ್ರಿ?"

"ಎಂಟು ದಿನ ಆತು. ಎದಿ ಹೆಜ್ಜಿ ತಪ್ಪಾಕತ್ತಿತ್ತು."

"ಎಂಟು ದಿನ! ಮತ್ತ ಹೇಳಬಾರದೇನ್ರಿ? ಮಾತು ಬಿದ್ದುಹೋಗಿದ್ರ ಏನ್ ಮಾಡ್ತಿದ್ರಿ?"

"ಪರೀಕ್ಷಾ ಇತ್ತಲ್ರಿ. ಯಾರು ಹಿಡೀತಾರ ನೋಡೂಣಂತ ಸುಮ್ಮನಿದ್ದೆ." ಆಮೇಲೆ ಅವಳತ್ತ ನೋಡದೆ, "ನೀವು ಹಿಡೀತೀರಿ ಅಂದ್ಕೊಂಡಿದ್ದೆ. ಪಟ್ಟಿ ಕಟ್ಟೂಮುಂದ ಕೈ ಇಲ್ಲೇ ಇತ್ತಲ್ಲ. ಹೋದ ವರ್ಷದ ಎದಿ ತಗೊಂಡು ಬಂದಿಲ್ರಿ ನಾ," ಎಂದರು.

ಕಾವ್ಯಾ ಪಟ್ಟಿಯನ್ನು ಮೇಲೆ ಸರಿಸಿ, ಈ ಸಲ ಪೂರ್ತಿ ಒಂದು ನಿಮಿಷ ನಾಡಿ ಹಿಡಿದಳು. ಎರಡು ವರ್ಷದ ಮೇಲೆ ಅವರ ಎಡಗೈ ಮತ್ತೆ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

ಎಲ್ಲ ದೊಡ್ಡಾಸ್ಪತ್ರೆಗಳಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಬೇರೆಯವರು ಕಲಿಯಲೆಂದು ತಮ್ಮ ಮೈಯನ್ನು ಒಡ್ಡಿ ಮಲಗಿ, ಕಲಿಯುವವರ ಮೇಲೆ ಕಣ್ಣಿಟ್ಟೇ ಇರುವವರು; ಕೈಗೂಸು ಅಳುವಿನಲ್ಲಿ ಹೇಳುವಷ್ಟನ್ನೂ ಬಾಯಿಬಿಟ್ಟು ಹೇಳದ ಹಟದವರು. ಅವರ ಸಂಶಯ ಚುಚ್ಚುತ್ತದೆ, ಕೆಲವೊಮ್ಮೆ ಅವರ ಪ್ರಾಣಕ್ಕೇ ಎರವಾಗುತ್ತದೆ. ಆದರೂ ವರ್ಷಕ್ಕೊಮ್ಮೆ ಮೆಟ್ಟಿಲ ತಿರುವುಗಳಲ್ಲಿ ಬಾರದ ಲಿಪಿಯನ್ನು ಓದುತ್ತ ಅವರು ಮೇಲೆ ಹತ್ತಿ ಬರುತ್ತಾರೆ, ಯಾರಾದರೊಬ್ಬರು ಹಾಳೆ ಬಿಟ್ಟು ತಮ್ಮ ಕೈಯನ್ನು ಹಿಡಿದಾರೆಂದು.